ಹೊಗೆ, ಧೂಳಿಗೆ ಗಡಿ ಇಲ್ಲ. ಸುದ್ದಿಗೆ ಮಾತ್ರ ಯಾಕೆ?

ಬೆಂಕಿ ಇಲ್ಲದೆ ಹೊಗೆ ಆಡೋದಿಲ್ಲ ಅಂತ ಕನ್ನಡದಲ್ಲಿ ಗಾದೆ. ನಿಪ್ಪು ಲೇನಿದೇ ಪೊಗ ರಾದು ಅಂತ ತೆಲುಗಿನಲ್ಲಿ ಅದೇ ಗಾದೆ. ರಾಯದುರ್ಗ ಸೀಮೆಯವರಾದ ನಮಗೆ ಎರಡೂ ಮನೆಮಾತೇ. ಹಳಗನ್ನಡದಲ್ಲಿ ಪೊಗೆ, ತೆಲುಗಿನಲ್ಲಿ ಪೊಗ, ಈಗಿನ ಕನ್ನಡದಲ್ಲಿ ಹೊಗೆ. ಮಾತೇ ಗಡಿ ದಾಟಿ ಓಡಾಡುತ್ತಿರುವಾಗ ಹೊಗೆಯನ್ನು ತಡೆಯೋರು ಯಾರು? ಬಳ್ಳಾರಿ ರಸ್ತೆಯಲ್ಲಿ ಲಾರಿಯನ್ನು ನಿಲ್ಲಿಸಿ ಕಾಗದ ಕೇಳಬಹುದು. ಗಾಳಿಗೆ ಕಾಗದ ಕೇಳಲಿಕ್ಕಾಗದು.

ಆದರೆ ಆ ಗಾದೆಯನ್ನೇ ಸ್ವಲ್ಪ ತಿದ್ದಿಕೊಳ್ಳಬೇಕಾದ ಕಾಲ ಬಂದಿದೆ. 2023ರ ಜೂನ್ ತಿಂಗಳಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ಆಕಾಶ ಹಾಡುಹಗಲೇ ಕಿತ್ತಳೆ ಬಣ್ಣಕ್ಕೆ ತಿರುಗಿತು. ಬೆಂಕಿ ಬಿದ್ದಿದ್ದು ಆ ಊರಿನಲ್ಲಲ್ಲ, ನೂರಾರು ಮೈಲಿ ಉತ್ತರಕ್ಕಿರುವ ಕೆನಡಾ ದೇಶದ ಕಾಡುಗಳಲ್ಲಿ. ಅದೇ ಹೊಗೆ ಅಟ್ಲಾಂಟಿಕ್ ಸಮುದ್ರ ದಾಟಿ ಯುರೋಪಿನ ನಾರ್ವೆವರೆಗೂ ಹೋಯಿತು. ಬೆಂಕಿ ಒಬ್ಬರ ಮನೆಯದು, ಕೆಮ್ಮು ಇನ್ನೊಬ್ಬರ ಮನೆಯದು. ಆ ಹೊಗೆಯ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿ ನೋಡಲು ಸಾಧ್ಯವಾದದ್ದು ಉಪಗ್ರಹಗಳಿಂದ.

ಆ ಉಪಗ್ರಹಗಳು ಕೆನಡಾದವರ ತಲೆ ಮೇಲೆ ಮಾತ್ರ ಹಾಯೋದಿಲ್ಲ. ನಮ್ಮ ಕಣೇಕಲ್ಲು, ಬೊಮ್ಮನಹಾಳು, ಡಿ. ಹೀರೇಹಾಳು, ಅತ್ತ ಬಳ್ಳಾರಿ, ಸಿರುಗುಪ್ಪಗಳ ಮೇಲೂ ದಿನಾ ಹಾಯುತ್ತವೆ. ನಮ್ಮ ಹೊಲದ ಬೆಂಕಿಯನ್ನೂ ಎಣಿಸುತ್ತವೆ, ನಮ್ಮ ಸೀಮೆಯ ಮರಳನ್ನೂ ಅಳೆಯುತ್ತವೆ. ನನ್ನ ಮಾತು ಇಷ್ಟೇ: ಮೇಲಿಂದ ನೋಡಿದ್ದನ್ನು ಎಣಿಸಿ ದಂಡ ಹಾಕಲಿಕ್ಕೆ ಮಾತ್ರ ಬಳಸಬಾರದು. ಗಾಳಿ ಬರುವ ಮುಂಚೆ ರೈತನಿಗೂ ವರ್ತಕನಿಗೂ ಅವರವರ ಮಾತಿನಲ್ಲಿ ಎಚ್ಚರಿಕೆ ಹೇಳಲಿಕ್ಕೆ ಬಳಸಬೇಕು. ಅದೂ ಗಡಿಯ ಎರಡೂ ಕಡೆ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ ಒಕ್ಕಲಿಗ. ಎರಡೂ ಭಾಷೆಯಲ್ಲಿ ಪದ್ಯ ಕಟ್ಟುವ ಚಟ ಇದೆಯೇ ಹೊರತು ವಿಜ್ಞಾನಿ ಅಲ್ಲ. ಓದಿ, ತಿಳಿದವರನ್ನು ಕೇಳಿ ಅರ್ಥ ಮಾಡಿಕೊಂಡದ್ದನ್ನು ಹೊಲದ ಭಾಷೆಯಲ್ಲೇ ಹೇಳ್ತೀನಿ.

ಮೇಲಿನ ಕಣ್ಣು ನೋಡುವ ಬಗೆ

ಉಪಗ್ರಹಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಜಾತಿಯವು ನೆಲದಿಂದ ಸುಮಾರು 700-800 ಕಿಲೋಮೀಟರ್ ಎತ್ತರದಲ್ಲಿ ಉತ್ತರ ದಕ್ಷಿಣವಾಗಿ ಭೂಮಿಯನ್ನು ಸುತ್ತುತ್ತವೆ. ಒಂದೊಂದು ಊರಿನ ಮೇಲೆ ದಿನಾಲೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತವೆ. ಕರೆಂಟಿನ ಮೀಟರ್ ನೋಡಲಿಕ್ಕೆ ಬರುವವನ ಹಾಗೆ, ಹತ್ತಿರ ಬಂದು ಚೆನ್ನಾಗಿ ನೋಡುತ್ತವೆ, ಆದರೆ ಬಂದ ಹೊತ್ತಿನಲ್ಲಿ ಕಂಡದ್ದಷ್ಟೇ ಅವುಗಳ ಲೆಕ್ಕ. ಇನ್ನೊಂದು ಜಾತಿಯವು ಸುಮಾರು 36,000 ಕಿಲೋಮೀಟರ್ ಮೇಲೆ, ಭೂಮಿ ತಿರುಗಿದಂತೆಲ್ಲ ತಾವೂ ತಿರುಗುತ್ತಾ, ಒಂದೇ ಕಡೆ ನಿಂತಂತೆ ಇರುತ್ತವೆ. ಇವು ಹೊಲ ಕಾಯಲು ಅಟ್ಟದ ಮೇಲೆ ಕೂತವನ ಹಾಗೆ. ಆ ಅಟ್ಟಕ್ಕೆ ತೆಲುಗಿನಲ್ಲಿ ಮಂಚೆ ಅಂತೀವಿ. ಹಗಲೂ ರಾತ್ರಿ ಕಣ್ಣು ಮುಚ್ಚೋದಿಲ್ಲ. ಆದರೆ ದೂರ ಕೂತದ್ದರಿಂದ ಸಣ್ಣಪುಟ್ಟದ್ದು ಕಾಣೋದಿಲ್ಲ.

ನಮ್ಮ ದೇಶದ ಇನ್ಸಾಟ್-3ಡಿಆರ್ ಮತ್ತು ಇನ್ಸಾಟ್-3ಡಿಎಸ್ ಈ ಎರಡನೇ ಜಾತಿಯವು. ಮೊದಲನೆಯದು 2016ರಲ್ಲಿ, ಎರಡನೆಯದು 2024ರ ಫೆಬ್ರವರಿ 17ರಂದು ಹಾರಿದವು. ಎರಡೂ ಹಾರಿದ್ದು ಆಂಧ್ರದ ಶ್ರೀಹರಿಕೋಟದಿಂದ. ಅವುಗಳನ್ನು ಮೇಲೆ ನಡೆಸುವ ಮುಖ್ಯ ನಿಯಂತ್ರಣ ಕೇಂದ್ರ ಇರೋದು ಕರ್ನಾಟಕದ ಹಾಸನದಲ್ಲಿ. ಹುಟ್ಟಿದ್ದು ತೆಲುಗು ನೆಲದಲ್ಲಿ, ಹಗ್ಗ ಇರೋದು ಕನ್ನಡಿಗರ ಕೈಯಲ್ಲಿ. ನಮ್ಮ ಗಡಿನಾಡಿನವರ ಹಾಗೆ ಅದೂ ಎರಡು ಮನೆಯ ಮಗು.

ಇವು ಬೆಂಕಿಯನ್ನು ಕಂಡುಹಿಡಿಯುವುದು ಬೆಳಕಿನಿಂದಲ್ಲ, ಕಾವಿನಿಂದ. ಒಲೆ ಮುಂದೆ ಕಣ್ಣು ಮುಚ್ಚಿ ಕೂತರೂ ಮುಖಕ್ಕೆ ಶಾಖ ತಾಗುತ್ತದಲ್ಲ, ಹಾಗೆ. ಸುತ್ತಲಿನ ನೆಲಕ್ಕಿಂತ ಒಂದು ಜಾಗ ಬಹಳ ಕಾದಿದ್ದರೆ ಅಲ್ಲಿ ಬೆಂಕಿ ಇದೆ ಅಂತ ನಕ್ಷೆಯ ಮೇಲೆ ಕೆಂಪು ಚುಕ್ಕಿ ಇಡುತ್ತಾರೆ. ಅಮೆರಿಕದ ನಾಸಾ ಸಂಸ್ಥೆಯವರು ಈ ಚುಕ್ಕಿಗಳ ನಕ್ಷೆಯನ್ನು ಫರ್ಮ್ಸ್ ಎಂಬ ಹೆಸರಿನಲ್ಲಿ ಇಡೀ ಜಗತ್ತಿಗೆ ಪುಕ್ಕಟೆಯಾಗಿ ಕೊಡ್ತಾರೆ. ಉಪಗ್ರಹ ಹಾಯ್ದ ಸುಮಾರು ಮೂರು ಗಂಟೆಯೊಳಗೆ ಚುಕ್ಕಿ ಮೊಬೈಲಿನಲ್ಲಿ ಕಾಣುತ್ತೆ.

ಹೊಗೆಯನ್ನು ಹಗಲಿನಲ್ಲಿ ಫೋಟೋ ಹಿಡಿದಂತೆ ಹಿಡಿಯುತ್ತಾರೆ. ಎಷ್ಟು ಬಿಸಿಲು ತಡೆಯಿತು ಅನ್ನೋದರ ಮೇಲೆ ಎಷ್ಟು ದಟ್ಟ ಅಂತ ಲೆಕ್ಕ ಕಟ್ಟುತ್ತಾರೆ. ಧೂಳಿನ ಉಪಾಯ ಇನ್ನೊಂದು. ನೆಲದಿಂದ ಮೇಲೇಳುವ ಶಾಖವನ್ನು ಮೋಡ ಒಂದು ರೀತಿ ತಡೆಯುತ್ತೆ, ಮಣ್ಣಿನ ಧೂಳು ಇನ್ನೊಂದು ರೀತಿ. ಪಕ್ಕಪಕ್ಕದ ಎರಡು ಬಗೆಯ ಶಾಖದ ಅಲೆಗಳಲ್ಲಿ ಅಳೆದು ಒಂದರಿಂದ ಇನ್ನೊಂದನ್ನು ಕಳೆದರೆ ಯಾವುದು ಮೋಡ, ಯಾವುದು ಧೂಳು ಅಂತ ಬೇರೆಯಾಗುತ್ತೆ. ರಾತ್ರಿಯಲ್ಲೂ ಈ ಲೆಕ್ಕ ನಡೆಯುತ್ತೆ. ಇನ್ನೊಂದು ಸ್ವಾರಸ್ಯ ಕೇಳಿ. 1978ರಲ್ಲಿ ಹಾರಿದ ನಿಂಬಸ್-7 ಎಂಬ ಉಪಗ್ರಹದಲ್ಲಿ ಓಜೋನ್ ಅಳೆಯಲಿಕ್ಕೆ ಅಂತ ಒಂದು ಉಪಕರಣ ಇಟ್ಟಿದ್ದರು. ಅದರ ಲೆಕ್ಕದ ಪುಸ್ತಕವನ್ನು ಮುಂದೆ ಕೂತು ತಿರುವಿ ಹಾಕಿದಾಗ ಸಹರಾ ಮರುಭೂಮಿಯ ಧೂಳು, ಕಾಡಿನ ಬೆಂಕಿಯ ಹೊಗೆ ಎರಡೂ ಅದರಲ್ಲಿ ಬರೆದಿಟ್ಟಂತೆ ಸಿಕ್ಕವು. ಬಾವಿ ತೋಡಲು ಹೋದವನಿಗೆ ಕೊಪ್ಪರಿಗೆ ಸಿಕ್ಕ ಹಾಗೆ.

ತೂರುವ ಕಣದ ಲೆಕ್ಕ

ಧೂಳು ಎಷ್ಟು ದೂರ ಹೋಗುತ್ತೆ ಅಂತ ಕೇಳಿದರೆ ಕಣದಲ್ಲಿ ತೂರಿದವನಿಗೆ ಉತ್ತರ ಗೊತ್ತು. ಗಾಳಿಗೆ ತೂರಿದಾಗ ಕಾಳು ಕಾಲ ಬುಡದಲ್ಲೇ ಬೀಳುತ್ತೆ, ಹೊಟ್ಟು ದೂರ ಹೋಗುತ್ತೆ. ಮರಳು ಕಾಳಿನ ಹಾಗೆ, ನೆಲ ಹಿಡಿದು ಕುಪ್ಪಳಿಸುತ್ತಾ ಹೋಗಿ ಪಕ್ಕದ ಹೊಲದಲ್ಲಿ ದಿಬ್ಬವಾಗುತ್ತೆ. ನುಣ್ಣನೆಯ ಧೂಳು ಹೊಟ್ಟಿನ ಹಾಗೆ, ಒಮ್ಮೆ ಮೇಲೆದ್ದರೆ ದೇಶ ದಾಟುತ್ತೆ.

ಎಷ್ಟು ದಾಟುತ್ತೆ ಅನ್ನೋದಕ್ಕೆ ಒಂದು ದೊಡ್ಡ ಲೆಕ್ಕ ಇದೆ. ಕ್ಯಾಲಿಪ್ಸೊ ಎಂಬ ಉಪಗ್ರಹ 2006ರಿಂದ 2023ರವರೆಗೆ ಲೇಸರ್ ಬೆಳಕು ಬಿಟ್ಟು ಧೂಳು ಯಾವ ಎತ್ತರದಲ್ಲಿದೆ ಅಂತ ಅಳೆಯಿತು. 2007ರಿಂದ 2013ರವರೆಗಿನ ಅದರ ಅಳತೆಯಿಂದ ವಿಜ್ಞಾನಿಗಳು 2015ರಲ್ಲಿ ಹೇಳಿದ್ದು: ಆಫ್ರಿಕಾದ ಸಹರಾದಿಂದ ಎದ್ದ ಧೂಳಿನಲ್ಲಿ ವರ್ಷಕ್ಕೆ ಸರಾಸರಿ 2 ಕೋಟಿ 77 ಲಕ್ಷ ಟನ್ ಸಮುದ್ರ ದಾಟಿ ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನ ಮೇಲೆ ಬೀಳುತ್ತೆ. ಅದರಲ್ಲಿ ಸುಮಾರು 22,000 ಟನ್ ರಂಜಕ. ಡಿಎಪಿ ಚೀಲಕ್ಕೆ ಸೊಸೈಟಿ ಮುಂದೆ ಸಾಲು ನಿಲ್ಲುವ ನಮಗೆ ರಂಜಕದ ಬೆಲೆ ಹೇಳಬೇಕಾಗಿಲ್ಲ. ಅಮೆಜಾನ್ ಕಾಡಿಗೆ ಮಳೆ ಕೊಚ್ಚಿಕೊಂಡು ಹೋಗುವಷ್ಟು ರಂಜಕವನ್ನು ಮರುಭೂಮಿಯ ಗಾಳಿ ತಂದು ಸುರಿಯುತ್ತೆ.

ಎಲ್ಲ ಧೂಳೂ ಹಾಗೆ ಉಪಕಾರಿ ಅಲ್ಲ. 2022ರ ಜನವರಿ 23ರಂದು ಮುಂಬೈ ಜನ ಎದ್ದು ನೋಡಿದರೆ ಊರೆಲ್ಲ ಮಸುಕು, ಕಾರುಗಳ ಮೇಲೆ ಬಿಳಿ ಪುಡಿ. ಪಾಕಿಸ್ತಾನದ ಕಡೆಯಿಂದ ಎದ್ದ ಧೂಳು ಅರಬ್ಬಿ ಸಮುದ್ರ, ಗುಜರಾತ್ ಮೇಲೆ ಹಾದು ಬಂದದ್ದು ಉಪಗ್ರಹ ಚಿತ್ರದಲ್ಲಿ ಪಂಚೆ ಹಾಸಿದ ಹಾಗೆ ಕಂಡಿತ್ತು. ಅಂದರೆ ಧೂಳು ಬರೋದಕ್ಕೆ ಮುಂಚೆ ಕಾಣುತ್ತೆ. ಕಂಡದ್ದನ್ನು ಹೇಳಿದರೆ ತಯಾರಾಗಲು ಹೊತ್ತು ಸಿಗುತ್ತೆ. ಈ ವಿದ್ಯೆಯ ನಿಜವಾದ ಬೆಲೆ ಇರೋದು ಇಲ್ಲಿ. ಆದರೆ ನಮ್ಮ ದೇಶದಲ್ಲಿ ರೈತನಿಗೂ ಉಪಗ್ರಹಕ್ಕೂ ಪರಿಚಯ ಆದದ್ದು ಎಚ್ಚರಿಕೆ ಕೊಡುವವನಾಗಿ ಅಲ್ಲ, ಸಾಕ್ಷಿ ಹೇಳುವವನಾಗಿ.

ಪಂಜಾಬಿನಲ್ಲಿ ಆದದ್ದು

ಪಂಜಾಬಿನ ರೈತರು ಭತ್ತದ ಕೂಳೆ ಸುಡ್ತಾರೆ, ಅದರ ಹೊಗೆ ದಿಲ್ಲಿಗೆ ಹೋಗುತ್ತೆ ಅನ್ನೋದು ಪ್ರತಿವರ್ಷ ಕೇಳುವ ಸುದ್ದಿ. ಯಾಕೆ ಸುಡ್ತಾರೆ ಅನ್ನೋದನ್ನು ಕಡಿಮೆ ಜನ ಹೇಳ್ತಾರೆ. ಅಂತರ್ಜಲ ಉಳಿಸಲಿಕ್ಕೆ ಅಂತ 2009ರಲ್ಲಿ ಅಲ್ಲಿ ಕಾನೂನು ಮಾಡಿ ಭತ್ತದ ನಾಟಿಯನ್ನು ಜೂನ್‌ಗೆ ಮುಂದೂಡಿದರು. ನಾಟಿ ತಡವಾದರೆ ಕೊಯ್ಲೂ ತಡ. ಕೊಯ್ಲು ಮುಗಿದು ಗೋಧಿ ಬಿತ್ತಲಿಕ್ಕೆ ಉಳಿಯೋದು ಎರಡು ಮೂರು ವಾರ. ಮಿಷಿನ್ ಕೊಯ್ದ ಮೇಲೆ ಹೊಲದಲ್ಲಿ ನಿಂತ ಕೂಳೆಗೆ ಕಡ್ಡಿ ಗೀರುವುದೇ ಅಗ್ಗದ ದಾರಿ.

ಸರ್ಕಾರ ಉಪಗ್ರಹದಿಂದ ಬೆಂಕಿ ಎಣಿಸಲು ಶುರುಮಾಡಿತು. ಸೆಪ್ಟೆಂಬರ್ ನಡುವಿನಿಂದ ನವೆಂಬರ್ ಕೊನೆವರೆಗಿನ ಪಂಜಾಬಿನ ಎಣಿಕೆ 2021ರಲ್ಲಿ 71,304 ಇದ್ದದ್ದು 2022ರಲ್ಲಿ 49,922, 2023ರಲ್ಲಿ 36,663, 2024ರಲ್ಲಿ 10,909ಕ್ಕೆ ಇಳಿಯಿತು. ಕಾಗದದ ಮೇಲೆ ನೋಡಿದರೆ ಗೆದ್ದಾಯಿತು. ಆದರೆ ದಿಲ್ಲಿಯ ಹೊಗೆ ಆ ಪ್ರಮಾಣದಲ್ಲಿ ಇಳಿಯಲಿಲ್ಲ.

ನಾಸಾದಲ್ಲಿ ಕೆಲಸ ಮಾಡುವ ನಮ್ಮ ದೇಶದ ಮೂಲದ ವಿಜ್ಞಾನಿ ಹಿರೇನ್ ಜೇತ್ವಾ 2024ರಲ್ಲಿ ಒಂದು ಮಾತು ಎತ್ತಿದರು. ಎಣಿಕೆಗೆ ಆಧಾರವಾದ ಉಪಗ್ರಹಗಳು ಪಂಜಾಬಿನ ಮೇಲೆ ಹಾಯೋದು ಮಧ್ಯಾಹ್ನ ಒಂದೂವರೆ ಎರಡು ಗಂಟೆ ಹೊತ್ತಿಗೆ. ಹತ್ತು ನಿಮಿಷಕ್ಕೊಮ್ಮೆ ನೋಡುವ ದಕ್ಷಿಣ ಕೊರಿಯಾದ ಉಪಗ್ರಹದ ಚಿತ್ರಗಳಲ್ಲಿ ಅದಾದ ಮೇಲೆ, ಸಂಜೆ ಹೊತ್ತಿಗೆ, ಹೊಗೆ ದಟ್ಟವಾಗೋದು ಕಾಣುತ್ತಿತ್ತು. ಮೀಟರ್ ನೋಡುವವನು ಹೋದ ಮೇಲೆ ಸ್ವಿಚ್ ಹಾಕಿದ ಹಾಗೆ. ಸುಟ್ಟ ಹೊಲದ ಕಪ್ಪು ಕಲೆ ಮರುದಿನವೂ ಇರುತ್ತದಲ್ಲ, ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳಿಂದ ಆ ಕಲೆಗಳನ್ನು ಅಳೆದವರಿಗೂ, ಸುಡುವುದು ಕಡಿಮೆಯಾದದ್ದು ನಿಜ, ಆದರೆ ಚುಕ್ಕಿಗಳ ಎಣಿಕೆ ತೋರಿಸಿದಷ್ಟು ಅಲ್ಲ ಎಂದೇ ಕಂಡಿತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ, ದಿನದ ಕೆಲವೇ ಗಂಟೆಯ ಲೆಕ್ಕ ಸಾಲದು, ಇಡೀ ದಿನ ನೋಡುವ ಉಪಗ್ರಹದ ಮಾಹಿತಿಯನ್ನು ಪಡೆಯಿರಿ ಎಂದು ಹೇಳಿತು. ಅದೇ ತಿಂಗಳಲ್ಲಿ ಕೇಂದ್ರ ಸರ್ಕಾರ ದಂಡವನ್ನು ಇಮ್ಮಡಿ ಮಾಡಿತು. 2 ಎಕರೆಗಿಂತ ಕಡಿಮೆ ಇದ್ದವನಿಗೆ 5,000 ರೂಪಾಯಿ, 2ರಿಂದ 5 ಎಕರೆಯವನಿಗೆ 10,000, ಅದಕ್ಕೂ ಮೇಲ್ಪಟ್ಟವನಿಗೆ 30,000.

ಕೂಳೆ ಸುಡುವುದನ್ನು ನಾನು ಸಮರ್ಥಿಸುತ್ತಿಲ್ಲ. ಆ ಹೊಗೆ ದಿಲ್ಲಿ ಮುಟ್ಟುವ ಮುಂಚೆ ಸುಟ್ಟವನ ಮಕ್ಕಳ ಎದೆ ಹೊಕ್ಕಿರುತ್ತೆ. ಭೂಮಿಗೆ ಸೇರಬೇಕಾದ ಸಾರ ಬೂದಿಯಾಗಿ ಹಾರುತ್ತೆ. ನನ್ನ ತಕರಾರು ಬೇರೆ. ಚುಕ್ಕಿಯನ್ನು ದಂಡಕ್ಕೆ ಗಂಟು ಹಾಕಿದ ದಿನದಿಂದ ರೈತ ಬೆಂಕಿಯನ್ನು ನಿಲ್ಲಿಸುವುದಕ್ಕಿಂತ ಬಚ್ಚಿಡುವುದನ್ನು ಕಲಿತ. ರೈತನಿಗೂ ನಷ್ಟ, ವಿಜ್ಞಾನಕ್ಕೂ ನಷ್ಟ. ಎಣಿಕೆಯೇ ಸುಳ್ಳಾದರೆ ನಾಳೆ ಯಾವ ಲೆಕ್ಕವನ್ನು ನಂಬೋದು?

ಇನ್ನೊಂದು ಲೆಕ್ಕ ಹಾಕಿ. ಬೆಂಕಿ ಎಣಿಸಲು ಹೆಚ್ಚಾಗಿ ಬಳಸುವ ಉಪಗ್ರಹದ ಒಂದು ಚುಕ್ಕಿ ಅಂದರೆ ನೆಲದ ಮೇಲೆ 375 ಮೀಟರ್ ಉದ್ದ, 375 ಮೀಟರ್ ಅಗಲ. ಸುಮಾರು 35 ಎಕರೆ ಆಯಿತು. ಆ 35 ಎಕರೆಯೊಳಗೆ ಎಲ್ಲೋ ಒಂದು ಮೂಲೆಯಲ್ಲಿ ಬೆಂಕಿ ಇದ್ದರೂ ಚುಕ್ಕಿ ಬೀಳೋದು ನಡುಮಧ್ಯೆ. ನಮ್ಮ ಸೀಮೆಯಲ್ಲಿ 35 ಎಕರೆ ಅಂದರೆ ಹತ್ತು ಮಂದಿಯ ಪಟ್ಟಾ. ಅದರಲ್ಲಿ ಕಡ್ಡಿ ಗೀರಿದವನು ಯಾರು, ಪಕ್ಕದಲ್ಲಿ ಹುಲ್ಲು ಒಟ್ಟಿ ಬಣವೆ ಹಾಕಿದವನು ಯಾರು ಅಂತ ಆ ಚುಕ್ಕಿ ಹೇಳಲಾರದು. ನೆಲದ ಮೇಲೆ ನಡೆದು ಬಂದು ನೋಡಿದವನು ಮಾತ್ರ ಹೇಳಬಲ್ಲ.

ಹಗರಿ ದಂಡೆಯ ಸಮಾಚಾರ

ಪಂಜಾಬಿನ ಕಥೆ ನಮಗ್ಯಾಕೆ ಅನ್ನಬೇಡಿ. ತುಂಗಭದ್ರಾ ಮೇಲ್ದಂಡೆ ಕಾಲುವೆಯ ನೀರು ಬರುವ ನಮ್ಮ ಕಣೇಕಲ್ಲು ಕಡೆಯಲ್ಲೂ, ಅತ್ತ ಸಿರುಗುಪ್ಪ, ಗಂಗಾವತಿಯಲ್ಲೂ ಈಗ ಭತ್ತ ಕೊಯ್ಯೋದು ಮಿಷಿನ್. ಮಿಷಿನ್ ಬಂದಲ್ಲೆಲ್ಲ ಹುಲ್ಲಿಗೆ ಬೆಂಕಿ ಬಂದಿದೆ. ಹೋದ ವರ್ಷ ನನ್ನ ತಂಗಿಯ ಮಗ ಮೊಬೈಲ್ ಹಿಡಿದು ಬಂದು, "ಮಾವಾ, ನಮ್ಮೂರ ಮ್ಯಾಲೆ ಕೆಂಪು ಚುಕ್ಕಿ ಬಿದ್ದೈತೆ ನೋಡ್ರಿ" ಅಂದ. ನೋಡಿದರೆ ನಮ್ಮ ಕಾಲುವೆಗುಂಟ ಎಂಟು ಹತ್ತು ಚುಕ್ಕಿ. ಬಳ್ಳಾರಿ ಜಿಲ್ಲೆ ಕಡೆಯೂ ಅಷ್ಟೇ. ನಡುವೆ ರಾಜ್ಯದ ಗೆರೆ ಎಳೆದಿತ್ತು. ಚುಕ್ಕಿಗಳಿಗೆ ಆ ಗೆರೆ ಗೊತ್ತಿರಲಿಲ್ಲ.

ಇದರಿಂದ ಕೈಗೆ ಬರುವ ನಷ್ಟ ಏನು ಅಂತ ಮೆಣಸಿನಕಾಯಿ ಬೆಳೆದವರನ್ನು ಕೇಳಿ. ಪುಷ್ಯ ಮಾಘದಲ್ಲಿ ಕಣದ ತುಂಬ ಕೆಂಪಗೆ ಹಣ್ಣು ಒಣಗಲು ಹರವಿರುತ್ತೇವೆ. ಆಗಲೇ ಪಕ್ಕದಲ್ಲಿ ಹುಲ್ಲು ಸುಟ್ಟರೆ ಬೂದಿ ಚೂರು ಹಾರಿಬಂದು ಹಣ್ಣಿನ ಮೇಲೆ ಕೂರುತ್ತೆ. ಬ್ಯಾಡಗಿ ಮಾರುಕಟ್ಟೆಗೆ ಚೀಲ ಒಯ್ದರೆ ಸಾಹುಕಾರರು ಕೈಯಲ್ಲಿ ಹಿಡಿದು ಬಣ್ಣ ನೋಡ್ತಾರೆ, ಮೂಗಿಗೆ ಹಿಡಿದು ವಾಸನೆ ನೋಡ್ತಾರೆ. ಹೊಗೆ ವಾಸನೆ ಬಂದರೆ ಧಾರಣೆ ಇಳಿಯಿತು. ಅವರ ಮೇಲೆ ಸಿಟ್ಟಾಗಿ ಉಪಯೋಗ ಇಲ್ಲ. ಅವರ ಮಾಲನ್ನು ಕೊಳ್ಳುವವರೂ ಹಾಗೇ ಮೂಸಿ ನೋಡ್ತಾರೆ.

ಗಾಳಿ ಮಾತ್ರ ಯಾರಿಗೂ ಪಕ್ಷಪಾತ ಮಾಡಿಲ್ಲ. ಆಷಾಢ ಶ್ರಾವಣದಲ್ಲಿ ಪಡುವಣ ಗಾಳಿ ಬೀಸಿ ಬಳ್ಳಾರಿ ಸೀಮೆಯ ಧೂಳನ್ನು ನಮ್ಮ ಕಡೆ ತರುತ್ತೆ. ಚಳಿಗಾಲದಲ್ಲಿ ಮೂಡಣ ಗಾಳಿ, ತೆಲುಗಿನಲ್ಲಿ ತೂರ್ಪು ಗಾಲಿ, ನಮ್ಮ ಹುಲ್ಲಿನ ಹೊಗೆಯನ್ನು ಅವರ ಕಡೆ ಒಯ್ಯುತ್ತೆ. ಆರು ತಿಂಗಳು ಅವರು ಕೊಡ್ತಾರೆ, ಆರು ತಿಂಗಳು ನಾವು ತೀರಿಸ್ತೀವಿ.

ಇನ್ನು ಹಗರಿ. ವೇದಾವತಿ ಅಂತ ಕರ್ನಾಟಕದಲ್ಲಿ ಹುಟ್ಟಿ ಹಗರಿ ಅಂತ ನಮ್ಮಲ್ಲಿ ಹರಿಯುವ ಈ ಹೊಳೆ ವರ್ಷದ ಬಹುಪಾಲು ಬತ್ತಿರುತ್ತೆ. ಆಷಾಢದ ಗಾಳಿಗೆ ಪಾತ್ರದ ಮರಳು ಎದ್ದು ಕಣೇಕಲ್ಲು, ಬೊಮ್ಮನಹಾಳು ಮಂಡಲಗಳ ಹೊಲದಲ್ಲಿ ದಿಬ್ಬ ದಿಬ್ಬವಾಗಿ ಕೂತಿದೆ. ರಾಜಸ್ಥಾನ ನೋಡದವರು ನಮ್ಮಲ್ಲಿಗೆ ಬಂದು ನೋಡಬಹುದು. ಶೇಂಗಾ ಮೊಳಕೆ ಎರಡೆಲೆ ಬಿಟ್ಟಿರುವಾಗ ಒಂದು ರಾತ್ರಿ ಜೋರು ಗಾಳಿ ಬೀಸಿದರೆ ಬೆಳಿಗ್ಗೆ ಸಾಲೇ ಕಾಣೋದಿಲ್ಲ. ಇದರ ಜೊತೆಗೆ ಗಣಿ ಜೋರಾಗಿದ್ದ ಕಾಲದಲ್ಲಿ ಅದಿರಿನ ಲಾರಿಗಳು ಎಬ್ಬಿಸಿದ ಕೆಂಪು ಧೂಳು ಗಡಿಯ ಎರಡೂ ಕಡೆ ಬೆಳೆಯ ಎಲೆಗೆ ಬಣ್ಣ ಬಳಿದಿತ್ತು. 2011ರ ಜುಲೈನಲ್ಲಿ ಬಳ್ಳಾರಿ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿದಾಗ ಎಲೆಗಳು ಮತ್ತೆ ಹಸಿರಾಗಿದ್ದನ್ನು ನಾವು ಕಣ್ಣಾರೆ ಕಂಡೆವು.

ಇದರಲ್ಲಿ ಉಪಗ್ರಹಕ್ಕೆ ಕಾಣೋದೆಷ್ಟು? ಮರಳು ದಿಬ್ಬ ವರ್ಷ ವರ್ಷಕ್ಕೆ ಎಷ್ಟು ಮುಂದೆ ಬಂತು ಅನ್ನೋದು ಭೂಮಿ ನೋಡುವ ಉಪಗ್ರಹಗಳಿಗೆ ಚೆನ್ನಾಗಿ ಕಾಣುತ್ತೆ. ಇಸ್ರೊ ಸಂಸ್ಥೆಯ ಅಹಮದಾಬಾದ್ ಕೇಂದ್ರದವರು ಅಂಥ ಚಿತ್ರಗಳಿಂದಲೇ ದೇಶದ ಬರಡು ಭೂಮಿಯ ನಕ್ಷೆ ಮಾಡಿದ್ದಾರೆ. 2018-19ರ ಲೆಕ್ಕದಲ್ಲಿ ದೇಶದ 9 ಕೋಟಿ 78 ಲಕ್ಷ ಹೆಕ್ಟೇರ್, ಅಂದರೆ ಒಟ್ಟು ನೆಲದ ನೂರಕ್ಕೆ ಸುಮಾರು 30 ಪಾಲು, ಸಾರ ಕಳೆದುಕೊಳ್ಳುತ್ತಿದೆ. ಆದರೆ ಒಂದು ರಾತ್ರಿಯ ಹಗರಿ ಗಾಳಿಯಾಗಲಿ, ಒಂದು ರಸ್ತೆಯ ಲಾರಿ ಧೂಳಾಗಲಿ ಆಕಾಶದ ಧೂಳು ನೋಡುವ ಉಪಗ್ರಹಕ್ಕೆ ತೀರಾ ಚಿಕ್ಕದು. ಮೇಲಾಗಿ ಆಷಾಢದಲ್ಲಿ ಮೋಡ ಮುಚ್ಚಿರುತ್ತೆ. ಮಳೆ ಸುರಿಸದ ಮೋಡವೇ ಆದರೂ ಉಪಗ್ರಹದ ಕಣ್ಣಿಗೆ ಅದು ಪರದೆಯೇ. ಇನ್ನೊಂದು ತೊಡಕು, ಆಕಾಶದಲ್ಲಿ ಒಟ್ಟು ಎಷ್ಟು ಧೂಳು ಹೊಗೆ ಇದೆ ಅಂತ ಹೆಚ್ಚಿನ ಉಪಗ್ರಹಗಳು ಹೇಳುತ್ತವೆ, ನಮ್ಮ ಮೂಗಿನ ಮಟ್ಟದಲ್ಲಿ ಎಷ್ಟಿದೆ ಅಂತ ಹೇಳಲಾರವು. ತಲೆ ಮೇಲೆ ಎರಡು ಮೈಲಿ ಎತ್ತರದಲ್ಲಿ ಹೊಗೆ ಹಾದುಹೋದರೆ ನಮಗೆ ಕೆಮ್ಮು ಬಾರದು. ಅದಕ್ಕೇ ನೆಲದ ಮೇಲೂ ಅಳೆಯುವ ಯಂತ್ರ ಬೇಕು, ಮನುಷ್ಯನ ಸಾಕ್ಷಿಯೂ ಬೇಕು.

ಈ ಮಿತಿ ಗೊತ್ತಿಲ್ಲದವರ ಕೈಯಲ್ಲಿ ಚಿತ್ರ ಸಿಕ್ಕರೆ ಏನಾಗುತ್ತೆ ಅನ್ನೋದಕ್ಕೆ ನನ್ನದೇ ಉದಾಹರಣೆ. ಶೇಂಗಾ ಮರಳಲ್ಲಿ ಮುಚ್ಚಿಹೋದ ವರ್ಷ ಪರಿಹಾರ ಕೇಳಲು ಒಂದು ಕಚೇರಿಗೆ ಹೋಗಿದ್ದೆ. "ಉಪಗ್ರಹ ಚಿತ್ರದಲ್ಲಿ ನಿಮ್ಮ ಕಡೆ ಹಸಿರೇ ಇದೆಯಲ್ಲ ಯಜಮಾನರೇ" ಅಂದರು. ಯಾವ ಉಪಗ್ರಹದ್ದು ಸ್ವಾಮಿ, ಯಾವ ದಿನದ ಎಷ್ಟು ಹೊತ್ತಿನ ಚಿತ್ರ, ಒಂದು ಚುಕ್ಕಿಗೆ ಎಷ್ಟು ಎಕರೆ ಅಂತ ಕೇಳಿದೆ. ಮೂರಕ್ಕೂ ಉತ್ತರ ಬರಲಿಲ್ಲ, ಪರಿಹಾರವೂ ಬರಲಿಲ್ಲ. ಚಿತ್ರ ಸುಳ್ಳು ಹೇಳಿರಲಿಕ್ಕಿಲ್ಲ. ಪಕ್ಕದ ಬೋರ್‌ವೆಲ್ ತೋಟದ ಹಸಿರೂ ನನ್ನ ಹೊಲದ ಮರಳೂ ಒಂದೇ ಚುಕ್ಕಿಯೊಳಗೆ ಸೇರಿದ್ದರೆ ಹಸಿರು ಗೆಲ್ಲುತ್ತೆ. ಓದುವವನಿಗೆ ಅದು ಗೊತ್ತಿರಬೇಕು, ಅಷ್ಟೇ.

ಆಗಬೇಕಾದ್ದು ಏನು?

ದಿಲ್ಲಿಗೆ 2018ರಿಂದ ಗಾಳಿಯ ಮುನ್ನೆಚ್ಚರಿಕೆ ವ್ಯವಸ್ಥೆ ಇದೆ. ಪುಣೆಯ ವಿಜ್ಞಾನಿಗಳು ಉಪಗ್ರಹದ ಬೆಂಕಿ ಲೆಕ್ಕ, ಧೂಳಿನ ಲೆಕ್ಕ, ಗಾಳಿಯ ದಿಕ್ಕು ಎಲ್ಲ ಸೇರಿಸಿ ನಾಳೆ ನಾಡಿದ್ದು ಹೇಗಿರುತ್ತೆ ಅಂತ ಹೇಳ್ತಾರೆ. ಅದೇ ಉಪಗ್ರಹ ನಮ್ಮ ಮೇಲೂ ಇದೆ. ಹವಾಮಾನ ಇಲಾಖೆಯವರು ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ರೈತರಿಗಾಗಿ ಜಿಲ್ಲಾವಾರು ಸಲಹೆ ಹೊರಡಿಸುವ ಪದ್ಧತಿ ಮೊದಲಿನಿಂದ ಇದೆ. ಅದರಲ್ಲಿ ಮಳೆ ಇದೆ, ಬಿಸಿಲಿದೆ, ಗಾಳಿಯ ವೇಗ ಇದೆ. ಹೊಗೆ ಧೂಳಿನ ಬಗ್ಗೆ ಎರಡು ಸಾಲು ಸೇರಿಸಲಿಕ್ಕೆ ಹೊಸ ಉಪಗ್ರಹ ಹಾರಿಸಬೇಕಾಗಿಲ್ಲ. "ನಾಡಿದ್ದು ಪಡುವಣ ಗಾಳಿ ಜೋರು, ಹಗರಿ ದಂಡೆಯಲ್ಲಿ ಮರಳು ಏಳಬಹುದು, ಬಿತ್ತನೆ ಎರಡು ದಿನ ತಡೆಯಿರಿ" ಅಂದರೆ ಸಾಕು. "ಮೂಡಣ ಗಾಳಿ ಇದೆ, ಕಾಲುವೆಗುಂಟ ಬೆಂಕಿ ಕಂಡಿದೆ, ಕಣದ ಹಣ್ಣಿಗೆ ತಾಡಪಾಲು ಹೊದಿಸಿ" ಅಂದರೆ ಒಂದು ಲೋಡು ಮೆಣಸಿನಕಾಯಿ ಉಳಿಯುತ್ತೆ.

ಆದರೆ ಆ ಸಲಹೆ ಕರ್ನಾಟಕದ ಜಿಲ್ಲೆಗೆ ಕನ್ನಡದಲ್ಲಿ ಬರುತ್ತೆ, ಆಂಧ್ರದ ಜಿಲ್ಲೆಗೆ ತೆಲುಗಿನಲ್ಲಿ ಬರುತ್ತೆ. ನಮ್ಮ ಹಳ್ಳಿಗಳಲ್ಲಿ ಕನ್ನಡ ಮಾತ್ರ ಓದಬಲ್ಲ ಹಿರಿಯರಿದ್ದಾರೆ. ಸಿರುಗುಪ್ಪ, ಸಿಂಧನೂರು ಕಡೆಯ ಕ್ಯಾಂಪುಗಳಲ್ಲಿ ತೆಲುಗು ಮಾತ್ರ ಸಲೀಸಾಗಿ ಓದಬಲ್ಲವರಿದ್ದಾರೆ. ಗಡಿ ಜಿಲ್ಲೆಗಳಿಗೆ ಸಲಹೆಯನ್ನು ಎರಡೂ ಭಾಷೆಯಲ್ಲಿ ಕೊಡಿ, ಗೆರೆಯಾಚೆಯ ಗಾಳಿಯ ಸುದ್ದಿಯನ್ನೂ ಸೇರಿಸಿ ಅಂತ ಕೇಳೋದು ಭಾಷೆಯ ಜಗಳ ಅಲ್ಲ, ಹೊಟ್ಟೆಪಾಡಿನ ಮಾತು. ಇದಕ್ಕೆ ಮಾದರಿಯೂ ಇದೆ. ಕರ್ನಾಟಕದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ನಡೆಸುವ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ಮಳೆಯ ವಿಚಾರವನ್ನು ಕನ್ನಡದಲ್ಲೇ ಹೇಳ್ತಾರೆ. ಆ ವರುಣಮಿತ್ರನಿಗೆ ಒಬ್ಬ ವಾಯುಮಿತ್ರ ಜೊತೆಯಾಗಲಿ, ಅವನಿಗೆ ಎರಡು ಭಾಷೆ ಬರಲಿ.

ಎರಡನೆಯದು, ಚುಕ್ಕಿ ಬಿದ್ದ ಕಡೆಗೆ ಮೊದಲು ಹೋಗಬೇಕಾದ್ದು ದಂಡದ ರಸೀದಿ ಪುಸ್ತಕ ಅಲ್ಲ, ಹುಲ್ಲಿನ ಪೆಂಡಿ ಕಟ್ಟುವ ಮಿಷಿನ್. ಎಲ್ಲಿ ಹುಲ್ಲು ಸುಡ್ತಾರೆ ಅಂತ ಹೋದ ವರ್ಷಗಳ ಚುಕ್ಕಿಗಳೇ ತೋರಿಸುತ್ತವೆ. ಕೊಯ್ಲಿಗೆ ಮುಂಚೆ ಅಲ್ಲಿಗೆ ಬಾಡಿಗೆ ಮಿಷಿನ್ ಕಳಿಸಿದರೆ, ಒಣ ಮೇವಿಗೆ ಹಾತೊರೆಯುವ ಕಲ್ಯಾಣದುರ್ಗ, ಮಡಕಶಿರಾ ಕಡೆಗೆ ಆ ಹುಲ್ಲು ಹೋದರೆ ಇಬ್ಬರಿಗೂ ಲಾಭ. ಇದರಲ್ಲಿ ವರ್ತಕರಿಗೂ ಒಂದು ವ್ಯಾಪಾರ ಇದೆ.

ಮೂರನೆಯದು ಬಂಡೀಪುರದ ಪಾಠ. 2019ರ ಫೆಬ್ರವರಿ 21ರಿಂದ 25ರವರೆಗೆ ಅಲ್ಲಿ ಬಿದ್ದ ಬೆಂಕಿಯಲ್ಲಿ ಸುಮಾರು 4,400 ಹೆಕ್ಟೇರ್ ಕಾಡು ಸುಟ್ಟಿತು ಅಂತ ಉಪಗ್ರಹ ಚಿತ್ರ ನೋಡಿ ಹೈದರಾಬಾದಿನ ದೂರಸಂವೇದಿ ಕೇಂದ್ರದವರು ಹೇಳಿದರು. ಆ ಲೆಕ್ಕ ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ಹೇಳ್ತಿದ್ದರು. ಆ ಕಾಡಿಗೆ ಕೇರಳದ ವಯನಾಡು, ತಮಿಳುನಾಡಿನ ಮುದುಮಲೆ ಅಂಟಿಕೊಂಡಿವೆ. ಮೂರು ರಾಜ್ಯದ ಕಾಡಿಗೆ ಮೇಲಿನ ಕಣ್ಣು ಒಂದೇ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆಯವರು ಕಾಡಿನ ಬೆಂಕಿ ಕಂಡ ಕೂಡಲೇ ಮೊಬೈಲಿಗೆ ಎಚ್ಚರಿಕೆ ಕಳಿಸುತ್ತಾರೆ, ಹೆಸರು ನೋಂದಾಯಿಸಿದರೆ ಸಾಮಾನ್ಯ ಜನರಿಗೂ ಬರುತ್ತೆ. ಕಾಡಿಗೆ ಆಗುವುದಾದರೆ ಹೊಲಕ್ಕೂ ಆಗಬೇಕು.

ಸರ್ಕಾರ ಮಾಡಲಿ ಅಂತ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಪ್ರತಿ ಹಳ್ಳಿಯಲ್ಲೂ ಮೊಬೈಲ್ ಬಲ್ಲ ಹುಡುಗರಿದ್ದಾರೆ. ಕ್ರಿಕೆಟ್ ಸ್ಕೋರ್ ನೋಡುವ ಕೈಯಲ್ಲೇ ಬೆಂಕಿಯ ನಕ್ಷೆ ತೆರೆದು ಹಿರಿಯರಿಗೆ ಓದಿ ಹೇಳಲಿ. ಯಾರಾದರೂ ಉಪಗ್ರಹದ ಹೆಸರು ಹೇಳಿ ನಿಮ್ಮ ಬಾಯಿ ಮುಚ್ಚಿಸಲು ಬಂದರೆ ಮೂರು ಪ್ರಶ್ನೆ ಕೇಳಿ: ಯಾವ ಉಪಗ್ರಹ? ಯಾವ ದಿನದ ಎಷ್ಟು ಹೊತ್ತಿನ ಚಿತ್ರ? ಒಂದು ಚುಕ್ಕಿಗೆ ಎಷ್ಟು ಎಕರೆ? ಉತ್ತರ ಕೊಟ್ಟರೆ ಒಪ್ಪಿಕೊಳ್ಳಿ. ಕೊಡದಿದ್ದರೆ ಹೊಲಕ್ಕೆ ಬಂದು ನೋಡಿ ಅನ್ನಿ.

ಆ ಉಪಗ್ರಹ ಹಾರಿದ್ದು ಕನ್ನಡ ರೈತನ ತೆರಿಗೆಯಿಂದಲೂ, ತೆಲುಗು ರೈತನ ತೆರಿಗೆಯಿಂದಲೂ. ಅದು ಕಂಡದ್ದನ್ನು ಇಬ್ಬರಿಗೂ ಇಬ್ಬರ ಮಾತಿನಲ್ಲೂ ಹೇಳುವುದು ನ್ಯಾಯ. ಈ ಆಷಾಢದ ಗಾಳಿ ಏಳುವ ಮುಂಚೆ ಎರಡೂ ರಾಜ್ಯದ ಸಂಬಂಧಪಟ್ಟವರು ಇತ್ತ ಗಮನ ಹರಿಸಲಿ.